ಸುಧಾರಿಸಿ ಕೊಡಬೇಕು

ಒಂದು ಹತ್ತು ರೂಪಾಯಿ ನೋಟು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಕಳೆದುಕೊಂಡದ್ದಲ್ಲ. ಒಬ್ಬರು ಕೊಡಲು ಬಂದಾಗ ನಾನು ಬೇಡ ಅಂದದ್ದು.

2024ರ ಜನವರಿ. ಕಾಸರಗೋಡು ಜಿಲ್ಲೆಯ ನಮ್ಮ ಪೇಟೆಯ ಅಕ್ಷಯ ಕೇಂದ್ರದಲ್ಲಿ, ಅಂದರೆ ಕೇರಳ ಸರಕಾರದ ಕೆಲಸಗಳಿಗೆ ಅರ್ಜಿ ಹಾಕುವ ಕಡೆ, ಯಾವುದೋ ಸರ್ಟಿಫಿಕೇಟಿಗಾಗಿ ಕೂತಿದ್ದೆ. ಎಂದಿನ ಹಾಗೆ ಸರ್ವರ್ ನಿಧಾನ. ಬೆಂಚಿನ ಮೇಲೆ ಆರೇಳು ಜನ, ಬಾಗಿಲ ಹತ್ತಿರ ಇನ್ನೂ ನಾಲ್ಕು ಜನ. ಪಕ್ಕದಲ್ಲಿ ಕೂತಿದ್ದ ಹೆಂಗಸು, ಐವತ್ತೈದರ ಆಸುಪಾಸು ಇರಬಹುದು, ಸೆರಗಿನ ಒಳಗಿಂದ ನಾಲ್ಕಾಗಿ ಮಡಚಿದ ಒಂದು ಕಾಗದ ತೆಗೆದರು. "ಟೀಚರೇ, ಉಂದೆನ್ ಒಂತೆ ಓದುದು ಪನ್ಲೆ" ಅಂದರು, ತುಳುವಿನಲ್ಲಿ. ಇದನ್ನು ಸ್ವಲ್ಪ ಓದಿ ಹೇಳಿ ಅಂತ. ನಾನು ಟೀಚರ್ ಅಲ್ಲ. ಮಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಆದರೆ ನಮ್ಮ ಕಡೆ ಬ್ಯಾಗು ಹಿಡಿದು ಕನ್ನಡಕ ಹಾಕಿದ ಹೆಂಗಸರೆಲ್ಲ ಟೀಚರೇ. ತಿದ್ದಲು ಹೋಗಲಿಲ್ಲ, ಕಾಗದ ತೆಗೆದುಕೊಂಡೆ. ಮಲೆಯಾಳದಲ್ಲಿತ್ತು. ನನಗೆ ಮಲೆಯಾಳ ಓದಲು ಬರುತ್ತದೆ, ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇದೆ. ಆ ಹೆಮ್ಮೆಯೇ ಆವತ್ತು ಕೆಲಸ ಕೆಡಿಸಿತು ಅನ್ನಿಸುತ್ತದೆ.

ಗಟ್ಟಿಯಾಗಿ ಓದಿದೆ. ಒಂದು ಸಾಲು ಮಲೆಯಾಳ, ಅದರ ಹಿಂದೆಯೇ ತುಳುವಿನಲ್ಲಿ ಅರ್ಥ. ಅವರ ವಿಧವಾ ಪಿಂಚಣಿಯ ವಿಷಯ. ಆಗ ತಿಂಗಳಿಗೆ 1600 ರೂಪಾಯಿ. ಅರುವತ್ತು ದಾಟದ ವಿಧವೆಯರು ತಾವು ಮರುಮದುವೆ ಆಗಿಲ್ಲ ಅಂತ ಪ್ರತಿ ವರ್ಷ ಸರ್ಟಿಫಿಕೇಟ್ ಕೊಡಬೇಕು. ಇವರದ್ದು ತಲುಪಿಲ್ಲ, ಅದನ್ನು ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಇಷ್ಟೇ ಸಂಗತಿ. "ನೀವು ಇನ್ನೊಂದು ಮದುವೆ ಆಗಲಿಲ್ಲ ಅಂತ ಬರೆಸಿಕೊಂಡು ಬರಬೇಕಂತೆ ಅಕ್ಕಾ" ಅಂತ ನಾನು ಹೇಳುವಾಗ ಕೋಣೆಯಲ್ಲಿ ಬೇರೆ ಮಾತೇ ಇರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಯಾರೋ ಒಬ್ಬರು, "ಹುಡುಗ ಸಿಕ್ಕಿದರೆ ಹೇಳಿ" ಅಂದರು. ಎರಡು ಮೂರು ಮಂದಿ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯುವುದು ಬೇಡ ಅಂತ ಎರಡು ಸಲ ಅಳಿಸಿದ್ದೆ, ಆದರೆ ನಕ್ಕದ್ದು ಹೌದು.

ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿದರು. ಸೊಂಟದ ಸಣ್ಣ ಚೀಲದಿಂದ ಹತ್ತು ರೂಪಾಯಿ ತೆಗೆದು ನನ್ನ ಕೈಯಲ್ಲಿ ಇಟ್ಟರು. "ದೀಲೆ, ಚಾ ಪರ್ಲೆ." ಇಟ್ಟುಕೊಳ್ಳಿ, ಚಾ ಕುಡಿಯಿರಿ ಅಂತ. ನಾನು ಹಾವು ಮುಟ್ಟಿದವಳ ಹಾಗೆ ಕೈ ಹಿಂದೆ ತೆಗೆದೆ. "ಅಯ್ಯೋ ಬೇಡ ಅಕ್ಕಾ, ಇದಕ್ಕೆಲ್ಲ ದುಡ್ಡು ತೆಗೆದುಕೊಳ್ತಾರಾ!" ಇದನ್ನೂ ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ. ಅವರು ಮತ್ತೊಮ್ಮೆ ಚಾಚಿದರು. ನಾನು ಮತ್ತೊಮ್ಮೆ ಬೇಡ ಅಂದೆ. ನೋಟು ಚೀಲಕ್ಕೆ ವಾಪಸು ಹೋಯಿತು. ಅವರು ಎದ್ದು ಹೊರಗೆ ಹೋಗಿ ನಿಂತರು. ಬೆಂಚಿನಲ್ಲಿ ಜಾಗ ಖಾಲಿ ಇದ್ದರೂ ಹೊರಗೆ ಬಿಸಿಲಲ್ಲಿ ನಿಂತರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ನನ್ನ ಒಳ್ಳೆಯತನದ ಕತೆ ಅಂತಲೇ ಶುರುಮಾಡಿದ್ದೆ. ಅಮ್ಮ ಕೊತ್ತಂಬರಿ ಹುರಿಯುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ. "ಚಾ ಕುಡಿದಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದಳು.

ಒಂದು ಪದ

ನಮ್ಮ ಊರಿನ ಮದುವೆ ಕರೆಯೋಲೆಗಳನ್ನು ನೋಡಿದವರಿಗೆ ಗೊತ್ತು. ಮನೆಗೆ ಬಂದು ಕರೆಯುವವರೂ ಹಾಗೆಯೇ ಹೇಳುತ್ತಾರೆ: "ಮುಂಚಿತವಾಗಿ ಬಂದು ಸುಧಾರಿಸಿ ಕೊಡಬೇಕು." ಬೆಂಗಳೂರಿನ ನನ್ನ ಸಹಪಾಠಿಯೊಬ್ಬಳಿಗೆ ಇದು ಅರ್ಥವೇ ಆಗಿರಲಿಲ್ಲ. ಏನು, ನಿಮ್ಮ ಮದುವೆ ಅಷ್ಟು ಕೆಟ್ಟುಹೋಗಿದೆಯಾ ಸುಧಾರಿಸಲಿಕ್ಕೆ ಅಂತ ಕೇಳಿದ್ದಳು. ಅವಳಿಗೆ ಸುಧಾರಣೆ ಅಂದರೆ ಸಮಾಜ ಸುಧಾರಣೆ, ಹುಷಾರು ತಪ್ಪಿದವರು ಸುಧಾರಿಸಿಕೊಳ್ಳುವುದು. ನಮಗೆ ಸುಧಾರಿಕೆ ಅಂದರೆ ತೆಂಗಿನಕಾಯಿ ತುರಿಯುವುದು, ಬಾಳೆ ಎಲೆ ಒರೆಸುವುದು, ಪಂಕ್ತಿಯಲ್ಲಿ ಸಾರಿನ ಬಕೆಟು ಹಿಡಿದು ಓಡುವುದು, ಕೊನೆಯ ಪಂಕ್ತಿಗೆ ಪಾಯಸ ಸಾಲದೆ ಬಂದರೆ ಯಾರಿಗೂ ಗೊತ್ತಾಗದ ಹಾಗೆ ನಿಭಾಯಿಸುವುದು. ಹಾಗೆ ಓಡಾಡುವವರು ಸುಧಾರಿಕೆಯವರು. ಅವರು ಉಣ್ಣುವುದು ಎಲ್ಲರದ್ದೂ ಆದ ಮೇಲೆ, ಮೂರೂವರೆ ನಾಲ್ಕು ಗಂಟೆಗೆ, ತಣ್ಣಗಾದ ಅನ್ನ.

ನನಗೆ ಈ ಪದ ಇಷ್ಟ. ಸೇವೆ ಅನ್ನುವುದಕ್ಕೆ ಒಬ್ಬ ದೊಡ್ಡವರು ಬೇಕು, ದೇವರೋ ಗುರುವೋ ಜನತೆಯೋ. ಉಪಕಾರಕ್ಕೆ ಮಾಡಿದವನೊಬ್ಬ, ಮಾಡಿಸಿಕೊಂಡವನೊಬ್ಬ ಇರಲೇಬೇಕು. ಮಾಡಿಸಿಕೊಂಡವನ ತಲೆಯ ಮೇಲೆ ಹಂಗು ಕೂರುತ್ತದೆ. ಸುಧಾರಿಕೆಯಲ್ಲಿ ಹಾಗಿಲ್ಲ. ಇವತ್ತು ನಿಮ್ಮ ಮನೆಯ ಕೊಪ್ಪರಿಗೆ ನಾನು ಇಳಿಸುತ್ತೇನೆ, ಮೇ ತಿಂಗಳಲ್ಲಿ ನಮ್ಮ ಮನೆಯದ್ದು ನೀವು ಇಳಿಸುತ್ತೀರಿ. ಲೆಕ್ಕ ಇಲ್ಲ ಅಂತಲ್ಲ. ನಮ್ಮವರು ಲೆಕ್ಕದಲ್ಲಿ ಗಟ್ಟಿ. ಯಾರು ಬಂದರು, ಯಾರು ಊಟದ ಹೊತ್ತಿಗೆ ಮಾತ್ರ ಬಂದರು, ಎಲ್ಲ ನೆನಪಿರುತ್ತದೆ. ಆದರೆ ಲೆಕ್ಕ ಎರಡೂ ಕಡೆ ಇರುತ್ತದೆ, ಹಾಗಾಗಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಧನ್ಯವಾದವನ್ನಂತೂ ಯಾರೂ ಹೇಳುವುದಿಲ್ಲ. ಮನೆಯೊಳಗೆ ಧನ್ಯವಾದ ಅಂದರೆ ಏನಾಯ್ತು ಇವನಿಗೆ ಅಂತ ನೋಡುತ್ತಾರೆ. ತುಳುವಿನಲ್ಲಿ ಈಗ ಸೊಲ್ಮೆಲು ಅನ್ನುತ್ತಾರೆ, ಅದೂ ಮೈಕಿನ ಎದುರು ಜಾಸ್ತಿ. ಹೊರಡುವಾಗ ಮನೆಯವರು ಕೇಳುವುದು ಒಂದೇ: "ಊಟ ಆಯ್ತಲ್ಲ?"

ಇದೆಲ್ಲ ಈಗ ಕಡಿಮೆ. ಕೇಟರಿಂಗಿನವರು ಬಂದಿದ್ದಾರೆ. ಅದಕ್ಕೆ ನಾನು ಅಳುವುದಿಲ್ಲ. ಹಿಂದಿನ ರಾತ್ರಿ ಒಂದು ಗಂಟೆ ತನಕ ತರಕಾರಿ ಕೊಚ್ಚಿ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಎದ್ದ ಹೆಂಗಸರನ್ನು ನೋಡಿ ಬೆಳೆದವಳು ನಾನು.

ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವವರಿಗೆ ಅಜ್ಜಿಯ ಬೆಲ್ಲನೀರಿನ ಕತೆ ಹೇಳಬೇಕು. ಅಂಗಳಕ್ಕೆ ಕಾಲಿಟ್ಟ ಯಾರೂ ಬಾಯಾರಿಕೆಯಲ್ಲಿ ವಾಪಸು ಹೋಗಬಾರದು ಅನ್ನುವುದು ಅಜ್ಜಿಯ ಹಟ. ಬಳೆ ಮಾರುವವರು, ಮೀನಿನವರು, ದಾರಿ ತಪ್ಪಿ ಬಂದವರು, ಎಲ್ಲರಿಗೂ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ನೀರು ನಮ್ಮ ಗುಡ್ಡವನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗದ್ದು, ಮೇ ತಿಂಗಳಲ್ಲೂ ತಣ್ಣಗೆ ಇರುತ್ತಿತ್ತು. ಕೇಳಲು ಎಷ್ಟು ಚೆಂದ ಅಲ್ವಾ? ಆದರೆ ಜಗಲಿ ಹತ್ತುವವರಿಗೆ ಚೆಂಬು. ಹತ್ತಬಾರದವರಿಗೆ ಅಂಗಳದ ಮೂಲೆಯಲ್ಲಿ ಕಮುಚಿ ಇಟ್ಟ ಗೆರಟೆ, ತೆಂಗಿನ ಚಿಪ್ಪು. ಅಜ್ಜಿ ಮೇಲಿಂದ ಹೊಯ್ಯುತ್ತಿದ್ದಳು, ಅವರು ಕೆಳಗೆ ಹಿಡಿಯುತ್ತಿದ್ದರು. ಬೆಲ್ಲದ ತುಂಡು ಇಬ್ಬರಿಗೂ ಒಂದೇ ಗಾತ್ರದ್ದು, ಅದರಲ್ಲಿ ಅಜ್ಜಿ ಮೋಸ ಮಾಡಿದವಳಲ್ಲ. ಅಜ್ಜಿ ಕೆಟ್ಟವಳೂ ಅಲ್ಲ. ಆದರೆ ಅಕ್ಷಯ ಕೇಂದ್ರದಿಂದ ಬಂದ ರಾತ್ರಿ ನನಗೆ ನೆನಪಾದದ್ದು ಆ ಗೆರಟೆ. ಓದಿದ್ದೂ ಸರಿ, ಅರ್ಥ ಹೇಳಿದ್ದೂ ಸರಿ, ಹೊಯ್ದದ್ದು ಮಾತ್ರ ಮೇಲಿನಿಂದ.

ಮಲೆಯಾಳ ಬರುವವರು

ಕಾಸರಗೋಡಿನ ಕನ್ನಡಿಗರ ಪ್ರತಿ ಓಣಿಯಲ್ಲೂ ಒಬ್ಬರು ಇರುತ್ತಾರೆ, ಮಲೆಯಾಳ ಬರುವವರು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಕತೆ ಇಲ್ಲಿ ಓದುವವರಿಗೆ ಮತ್ತೆ ಹೇಳಬೇಕಾಗಿಲ್ಲ. ಅದರ ದಿನನಿತ್ಯದ ಪರಿಣಾಮ ಇಷ್ಟು: ಮನೆಯಲ್ಲಿ ತುಳುವೋ ಕನ್ನಡವೋ ಮರಾಠಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಕಚೇರಿಯ ಕಾಗದ ಮಲೆಯಾಳ. ಮಾತು ಎಲ್ಲರಿಗೂ ಬರುತ್ತದೆ, ಓದು ಎಲ್ಲರಿಗೂ ಬರುವುದಿಲ್ಲ. ಹಾಗಾಗಿ ಕರೆಂಟು ಬಿಲ್ಲಿನ ಹಿಂದೆ ಬರೆದದ್ದು, ರೇಷನ್ ಕಾರ್ಡಿನ ಬಣ್ಣ ಬದಲಾದ ನೋಟಿಸು, ಮದ್ದಿನ ಚೀಟಿ, ಎಲ್ಲಕ್ಕೂ ಆ ಒಬ್ಬರ ಮನೆಗೆ ಹೋಗಬೇಕು.

ನಾನು ಕಲಿತದ್ದು ಬಸ್ಸಿನ ಬೋರ್ಡುಗಳಿಂದ. ಉಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡಿನ ಮೇಲಿನ ಕನ್ನಡವನ್ನು ಕೈಯಿಂದ ಮರೆಮಾಡಿದ ಹಾಗೆ ಮಾಡಿ ಕೆಳಗಿನ ಅಕ್ಷರ ಓದುವುದು. ಎಲ್ಲ ಜಿಲೇಬಿ ಅಂತ ನಗುತ್ತಿದ್ದೆವು, ನಮ್ಮದೂ ಜಿಲೇಬಿಯೇ ಅನ್ನುವುದು ಮರೆತು. ಎಂಟನೇ ಕ್ಲಾಸಿಗೆ ಬರುವಾಗ ಓಣಿಯ ಕಾಗದಗಳೆಲ್ಲ ನನ್ನ ಹತ್ತಿರ ಬರತೊಡಗಿದವು. ಆಗ ಗಟ್ಟಿಯಾಗಿ ಓದಿದರೆ ಏನೂ ಆಗುತ್ತಿರಲಿಲ್ಲ. ಅಂಗಳದಲ್ಲಿ ನಾನು, ಅವರು, ಒಂದು ಬೆಕ್ಕು, ಅಷ್ಟೇ ಇದ್ದದ್ದು. ಓದಿದ್ದಕ್ಕೆ ಪೇರಳೆ ಹಣ್ಣೋ ನಾಲ್ಕು ಹರಿವೆ ಸೊಪ್ಪೋ ಸಿಗುತ್ತಿತ್ತು. ನಾನು ಬೇಡ ಅನ್ನುತ್ತಿರಲಿಲ್ಲ. ಬೇಡ ಅನ್ನುವ ದೊಡ್ಡಸ್ತಿಕೆ ಸಂಬಳ ಬಂದ ಮೇಲೆ ಬಂದದ್ದು.

ಇದನ್ನು ಊರಿನ ಒಳ್ಳೆಯತನ ಅಂತ ಹೊಗಳಿ ಮುಗಿಸಬಹುದು, ಆದರೆ ಒಂದು ಮುಳ್ಳು ಇದೆ. ಕನ್ನಡ ಮತ್ತು ತಮಿಳಿನ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಕಚೇರಿಗಳಿಗೆ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು ಅಂತ ಕೇರಳದ ಆಡಳಿತ ಭಾಷೆಯ ಕಾನೂನೇ ಹೇಳುತ್ತದೆ. ಅಂದರೆ ಆ ಅಕ್ಕನ ಕೈಯಲ್ಲಿದ್ದ ಕಾಗದ ಕನ್ನಡದಲ್ಲಿ ಬಂದಿದ್ದರೆ ಅವರಿಗೆ ಟೀಚರೂ ಬೇಡ, ಹತ್ತು ರೂಪಾಯಿಯೂ ಬೇಡ. ಮೊಮ್ಮಗುವೇ ಓದಿ ಹೇಳುತ್ತಿತ್ತು, ಮನೆಯ ಒಳಗೆ. ನಾವು ಮಾಡುವ ಉಪಕಾರದಲ್ಲಿ ಅರ್ಧದಷ್ಟು, ಯಾರೋ ಮಾಡಬೇಕಿದ್ದ ಕೆಲಸ ಬಾಕಿ ಉಳಿದದ್ದರಿಂದ ನಮ್ಮ ಪಾಲಿಗೆ ಬಂದದ್ದು.

ಈ ಮಾತಿಗೆ ಪಡ್ರೆಯ ಕಡೆ ಹೋದ ಒಂದು ದಿನವನ್ನು ನೆನಪಿಸಿಕೊಳ್ಳದೆ ಇರಲು ಆಗುವುದಿಲ್ಲ. ಎಣ್ಮಕಜೆ ಪಂಚಾಯತಿನ ಆ ಗುಡ್ಡಗಳ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು ಇಪ್ಪತ್ತು ವರ್ಷಕ್ಕೂ ಜಾಸ್ತಿ, 2000ದ ತನಕ. ಹತ್ತಿರದ ಒಂದು ಊರಿನ ಹೆಸರು ಸ್ವರ್ಗ. ನಾನು ಒಂದು ಗುಂಪಿನ ಜೊತೆ ಅಕ್ಕಿ ಚೀಲ ಹಂಚಲು ಹೋಗಿದ್ದೆ. ಒಂದು ಮನೆಯಲ್ಲಿ ಮಲಗಿದಲ್ಲೇ ಇರುವ ಹುಡುಗ. ವಯಸ್ಸು ಇಪ್ಪತ್ತರ ಮೇಲೆ, ಮೈ ಎಂಟು ವರ್ಷದ ಮಗುವಿನಷ್ಟು. ನಮ್ಮವರೊಬ್ಬರು ಫೋಟೊಕ್ಕೆ ಬೆಳಕು ಸಾಲದು, ಹುಡುಗನನ್ನು ಜಗಲಿಗೆ ತರಬಹುದಾ ಅಂದರು. ತಾಯಿ ಎತ್ತಿಕೊಂಡು ಬಂದರು. ಚೀಲದ ಒಂದು ಮೂಲೆ ನಾನು ಹಿಡಿದೆ. ಒಂದು, ಎರಡು, ಮೂರನೆಯ ಫೋಟೊ. "ಆಯ್ತಾ? ಅವನಿಗೆ ಬಿಸಿಲು ಆಗುವುದಿಲ್ಲ" ಅಂದರು ತಾಯಿ. ಸಿಟ್ಟಿನಲ್ಲಿ ಅಲ್ಲ, ಅಭ್ಯಾಸ ಆದವರ ಹಾಗೆ. ಎಷ್ಟು ಚೀಲಗಳಿಗೆ ಎಷ್ಟು ಸಲ ಹೊರಗೆ ತಂದಿದ್ದರೋ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಅಂತ ಸುಪ್ರೀಂ ಕೋರ್ಟು 2017ರಲ್ಲೇ ಹೇಳಿತ್ತು. 2022ರಲ್ಲಿ ಅದೇ ಕೋರ್ಟು ನೋಡುವಾಗ 3704 ಮಂದಿಯಲ್ಲಿ 8 ಮಂದಿಗೆ ಮಾತ್ರ ಸಿಕ್ಕಿತ್ತು. ಕೊಡಬೇಕಾದ ದುಡ್ಡು ಬಾರದ ಕಡೆ ಅಕ್ಕಿ ಚೀಲ ಎಷ್ಟು ದೊಡ್ಡದಾಗಿ ಕಾಣುತ್ತದೆ!

ಬಿಲ್ಲಿನಲ್ಲಿ ಹೆಸರಿಲ್ಲ

ಹತ್ತು ರೂಪಾಯಿ ಬೇಡ ಅಂದವಳ ತಲೆಯ ಮೇಲೆ 640 ರೂಪಾಯಿಯ ಸಾಲ ಇದೆ. ಅದನ್ನೂ ಹೇಳಿಬಿಡುತ್ತೇನೆ.

2020ರ ಮಾರ್ಚ್, ಕೊರೊನಾದ ಲಾಕ್‌ಡೌನ್. ಕೇರಳ ಕರ್ನಾಟಕದ ಗಡಿ ತಲಪಾಡಿ ಬಂದ್. ಒಳದಾರಿಗಳಿಗೆಲ್ಲ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದಿದ್ದರು. ನಮಗೆ ಮಂಗಳೂರು ಅಂದರೆ ಬೇರೆ ರಾಜ್ಯ ಅಂತ ಮಣ್ಣಿನ ಆ ರಾಶಿ ನೋಡಿದ ಮೇಲೆಯೇ ಸರಿಯಾಗಿ ಗೊತ್ತಾದದ್ದು. ಹೆರಿಗೆ, ಹಾರ್ಟು, ಕಿಡ್ನಿ, ಎಲ್ಲಕ್ಕೂ ನಾವು ಓಡುತ್ತಿದ್ದದ್ದು ಅಲ್ಲಿಗೆ. ಆಂಬುಲೆನ್ಸುಗಳು ಗಡಿಯಿಂದ ವಾಪಸು ಬಂದವು. ಹಲವರು ತೀರಿಹೋದರು. ದಾರಿ ತೆರೆಸಿ ಅಂತ ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟಿನ ಆದೇಶ, ಆಮೇಲೆ ಸುಪ್ರೀಂ ಕೋರ್ಟು, ಅದೆಲ್ಲ ಪೇಪರಿನಲ್ಲಿ ಬಂತು. ನಮ್ಮ ಮನೆಯಲ್ಲಿ ಅಮ್ಮನ ಮಾತ್ರೆ ಖಾಲಿಯಾಗುತ್ತಿತ್ತು. ಅಮ್ಮನಿಗೆ ಹೃದಯದ ವಾಲ್ವಿನ ಆಪರೇಷನ್ ಆಗಿದೆ, ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಒಂದು ಮಾತ್ರೆ. ಅದನ್ನು ತಪ್ಪಿಸುವ ಹಾಗಿಲ್ಲ. ಉಪ್ಪಳದಲ್ಲಿ, ಕುಂಬಳೆಯಲ್ಲಿ ಯಾವ ಮೆಡಿಕಲ್‌ನಲ್ಲೂ ಆಗ ಅದು ಸಿಗಲಿಲ್ಲ. ಐದು ಮಾತ್ರೆ ಉಳಿದಿತ್ತು, ಆಮೇಲೆ ನಾಲ್ಕು.

ಮಂಗಳೂರಿನಲ್ಲಿದ್ದ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವಳ ಬೀದಿಯೇ ಸೀಲ್ ಆಗಿತ್ತು, ಹೊರಗೆ ಬರುವ ಹಾಗಿರಲಿಲ್ಲ. ಯಾರಿಗಾದರೂ ಹೇಳಿ ನೋಡುತ್ತೇನೆ ಅಂದಳು. ಚೀಟಿಯ ಫೋಟೊ ಕಳಿಸಿದೆ, ಮನೆಗೆ ಬರುವ ದಾರಿ ಬರೆದೆ. ಆಮೇಲೆ ಆ ಚೀಟಿ ಯಾವ ಯಾವ ಫೋನಿಗೆ ಹೋಯಿತೋ. ಎರಡು ಮಾತ್ರೆ ಉಳಿದಿರುವಾಗ, ಸಂಜೆ, ಗೊತ್ತಿಲ್ಲದ ನಂಬರಿನಿಂದ ಕರೆ. "ಮರುನ್ನ್ ಗೇಟಿಲ್ ವೆಚ್ಚಿಟ್ಟುಂಡ್." ಮದ್ದು ಗೇಟಿನಲ್ಲಿ ಇಟ್ಟಿದ್ದೇನೆ ಅಂತ. ಓಡಿದೆ. ನಮಗೆ ಗೇಟು ಅಂತ ಇಲ್ಲ, ತಡಮೆ, ಬೇಲಿಯಲ್ಲಿ ದಾಟಲು ಬಿಟ್ಟ ಜಾಗ. ಅದರ ಕಂಬಕ್ಕೆ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ಕೆಳಗೆ ತಿರುವಿನಲ್ಲಿ ಬೈಕಿನ ಸದ್ದು ಮಾತ್ರ ಕೇಳಿತು.

ಒಳಗೆ ಮಾತ್ರೆಯ ಪೊಟ್ಟಣ, ಅದರ ಮೇಲೆ ನೀಲಿ ಪೆನ್ನಿನಲ್ಲಿ ಕನ್ನಡದಲ್ಲಿ "ಪೈವಳಿಕೆ ಅಮ್ಮ" ಅಂತ ಬರೆದಿತ್ತು. ಅದರ ಕೆಳಗೆ ಕಪ್ಪು ಪೆನ್ನಿನಲ್ಲಿ, ಬೇರೆಯೇ ಕೈಬರಹದಲ್ಲಿ, ಮಲೆಯಾಳದಲ್ಲಿ ಅದೇ ಎರಡು ಪದ. ಗಡಿಯ ಯಾವುದೋ ಮಣ್ಣಿನ ರಾಶಿಯ ಹತ್ತಿರ ಆ ಪೊಟ್ಟಣ ಒಂದು ಕೈಯಿಂದ ಇನ್ನೊಂದು ಕೈಗೆ ಹೋದಾಗ, ಮುಂದಿನವನಿಗೆ ಓದಲು ಆಗಲಿ ಅಂತ ಯಾರೋ ಪೆನ್ನು ತೆಗೆದಿದ್ದರು. ಬಿಲ್ಲೂ ಇತ್ತು. 640 ರೂಪಾಯಿ. ಗಿರಾಕಿಯ ಹೆಸರು ಇರಬೇಕಾದ ಕಡೆ "ಕ್ಯಾಶ್" ಅಂತ ಮಾತ್ರ.

ದುಡ್ಡು ಯಾರದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಸಹೋದ್ಯೋಗಿಯನ್ನು ಕೇಳಿದರೆ ಅವಳು ಹೇಳಿದ್ದು ತಮ್ಮನಿಗೆ, ತಮ್ಮ ಹೇಳಿದ್ದು ಗೆಳೆಯನಿಗೆ, ಗೆಳೆಯ ಒಂದು ಗ್ರೂಪಿಗೆ ಹಾಕಿದ್ದು. ಫೋನ್ ಬಂದ ನಂಬರಿಗೆ ಮರುದಿನ ಕರೆ ಮಾಡಿದೆ. "ಅದು ನಾನು ಉಪ್ಪಳದಿಂದ ತಂದದ್ದು ಮಾತ್ರ, ಅಲ್ಲಿಗೆ ಯಾರು ತಂದರೋ" ಅಂದ ಹುಡುಗ, ಮಲೆಯಾಳದಲ್ಲಿ. ಪೆಟ್ರೋಲಿಗಾದರೂ ಕೊಡುತ್ತೇನೆ ಅಂದೆ. ನಕ್ಕು ಇಟ್ಟುಬಿಟ್ಟ. ಹೆಸರು ಕೇಳುವುದು ಮರೆತೆ. ನಂಬರು ಆ ಫೋನಿನ ಜೊತೆಯೇ ಹೋಯಿತು. ಅಮ್ಮ ಆ ಪೊಟ್ಟಣದ ರಟ್ಟನ್ನು ಬಿಸಾಡಲಿಲ್ಲ. ರೇಷನ್ ಕಾರ್ಡಿನ ಕವರಿನಲ್ಲಿ ಈಗಲೂ ಇದೆ.

ಆ ಹುಡುಗ ದುಡ್ಡು ಬೇಡ ಅಂದದ್ದಕ್ಕೂ ನಾನು ಬೇಡ ಅಂದದ್ದಕ್ಕೂ ವ್ಯತ್ಯಾಸ ಏನು ಅಂತ ತುಂಬಾ ಯೋಚನೆ ಮಾಡಿದ್ದೇನೆ. ಅವನ ಮುಂದೆ ನಾನು ಸಣ್ಣವಳಾಗಲಿಲ್ಲ. ಬಹುಶಃ ಅವನು ಮುಖ ತೋರಿಸದೆ ಹೋದದ್ದರಿಂದ. ಬಹುಶಃ ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ, ಅದರಿಂದ. ಆ ಅಕ್ಕನನ್ನು ಎಲ್ಲರೆದುರು ಬಯಲಿಗೆ ಇಟ್ಟವಳು ನಾನು. ಆ ಹತ್ತು ರೂಪಾಯಿ ಕೊಟ್ಟಿದ್ದರೆ ಅವರು ಓದಿಸಿಕೊಂಡವರಾಗಿ ಉಳಿಯುತ್ತಿರಲಿಲ್ಲ, ಕೂಲಿ ಕೊಟ್ಟು ಓದಿಸಿದವರಾಗುತ್ತಿದ್ದರು. ಎದ್ದು ಹೋಗಲು ಅವರಿಗೆ ಇದ್ದದ್ದು ಅದೊಂದೇ ದಾರಿ. ಅದಕ್ಕೂ ನಾನು ಬೇಲಿ ಹಾಕಿದೆ.

ಗುಜ್ಜೆ

ಅಕ್ಷಯ ಕೇಂದ್ರಕ್ಕೆ ಹೋದ ಅದೇ 2024ರ ಮಾರ್ಚಿನಲ್ಲಿ ನಮ್ಮ ಭಜನಾ ಮಂದಿರದ ವಾರ್ಷಿಕೋತ್ಸವ. ಮದುವೆಗಳಿಗೆ ಕೇಟರಿಂಗ್ ಬಂದರೂ ಇದಕ್ಕೆ ಇನ್ನೂ ಊರಿನವರೇ. ಹಿಂದಿನ ರಾತ್ರಿ ಚಪ್ಪರದ ಕೆಳಗೆ ತಾಡಪತ್ರಿ ಹಾಸಿ ಸುಮಾರು ಮೂವತ್ತು ಜನ ತರಕಾರಿ ಕೊಚ್ಚಲು ಕೂತಿದ್ದೆವು. ಒಂದು ಕಡೆ ಸೌತೆಕಾಯಿಯ ರಾಶಿ, ಒಂದು ಕಡೆ ಕುಂಬಳ, ನಡುವೆ ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ. ನನಗೆ ಜಾಗ ಸಿಕ್ಕಿದ್ದು ಗುಜ್ಜೆಯ ಹತ್ತಿರ. ಎದುರಿಗೆ ಮೆಟ್ಟುಕತ್ತಿ ಮೆಟ್ಟಿ ಕೂತವರು ಅದೇ ಅಕ್ಕ. ಅವರು ನಮ್ಮ ಮಂದಿರದ ಕಡೆಯವರೇ ಅಂತ ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಏಳರ ಟ್ರೈನಿಗೆ ಹೋಗಿ ರಾತ್ರಿ ಎಂಟಕ್ಕೆ ಬರುವವರಿಗೆ ಊರಿನಲ್ಲಿ ಯಾರಿದ್ದಾರೆ ಅಂತ ಎಲ್ಲಿಂದ ಗೊತ್ತಾಗಬೇಕು.

ಪಿಂಚಣಿ ಬಂತಾ ಅಂತ ಕೇಳಲು ಬಾಯಿ ತೆರೆದೆ. ಸುತ್ತ ಮೂವತ್ತು ಜನ. ಬಾಯಿ ಮುಚ್ಚಿದೆ.

ಅವರು ನನ್ನ ಗುರುತು ಹಿಡಿದರೋ ಇಲ್ಲವೋ ಮುಖದಿಂದ ಗೊತ್ತಾಗಲಿಲ್ಲ. ನಾನು ಗುಜ್ಜೆಗೆ ಕೈ ಹಾಕುವುದಕ್ಕೆ ಮೊದಲು ಪಕ್ಕದ ಗೆರಟೆಯಿಂದ ತೆಂಗಿನೆಣ್ಣೆ ಎರಡು ಬೆರಳಲ್ಲಿ ತೆಗೆದು ನನ್ನ ಅಂಗೈ ಎಳೆದು ಸವರಿದರು. ಬೆರಳಿನ ಸಂದುಗಳಿಗೂ ಸವರಿದರು. ಇಲ್ಲದಿದ್ದರೆ ಮೇಣ ಹಿಡಿದರೆ ಎರಡು ದಿನ ಹೋಗುವುದಿಲ್ಲ. ಬೇಕಾ ಅಂತ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಕೊಚ್ಚಲು ಶುರುಮಾಡಿದೆ. ಐದು ನಿಮಿಷ ಆಗಿರಬೇಕು. ಅವರು ನನ್ನ ರಾಶಿಯಿಂದ ಒಂದು ತುಂಡು ಎತ್ತಿ ದೀಪದ ಬೆಳಕಿಗೆ ಹಿಡಿದರು.

"ಟೀಚರೇ, ಉಂದು ಮಲ್ಲ ಆಂಡ್. ಬೇಯುಜಿ" ಅಂದರು. ಇದು ದೊಡ್ಡದಾಯಿತು, ಬೇಯುವುದಿಲ್ಲ ಅಂತ. ಈ ಸಲ ಎಲ್ಲರಿಗೂ ಕೇಳಿತು. ಅತ್ತ ಇತ್ತ ಕೂತವರು ನಕ್ಕರು, ಅವರೂ ನಕ್ಕರು. ಆಮೇಲೆ ನನ್ನ ರಾಶಿಯನ್ನು ತನ್ನ ಕಡೆ ಎಳೆದುಕೊಂಡು ಒಂದೊಂದನ್ನೂ ಎರಡೆರಡು ಮಾಡತೊಡಗಿದರು. ನಾನು ಇನ್ನೊಂದು ಗುಜ್ಜೆ ತೆಗೆದುಕೊಂಡೆ. ಅದೂ ದೊಡ್ಡದೇ ಆಗುತ್ತಿತ್ತು.